ಬಾಲ ನಿಮ್ಮ ಕಡೆಗೆ

ಡಾಕ್ಟರು ಕೆಲಸ ಬಿಡಿಸಿದ ಮೇಲೆ ಯಜಮಾನರು ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹೆಂಡತಿ ರೋಸಿಹೋಗಿ ರಿಮೋಟ್ ಹೆಲಿಕಾಪ್ಟರೊಂದನ್ನು ತಂದು ಕೈಗಿಟ್ಟರು. “ತಗೊಳ್ರೀ, ಇದನ್ನಾದರೂ ಹಾರಿಸಿಕೊಂಡು ತೆಪ್ಪಗಿರಿ.”

ಮೈದಾನದಲ್ಲಿ ಇಂಥವನ್ನು ಹಾರಿಸಲು ಕಲಿಸುವ ಹುಡುಗಿ ಹೇಳಿದಳು, “ಅಂಕಲ್, ಬಾಲ ಯಾವಾಗಲೂ ನಿಮ್ಮ ಕಡೆಗೇ ಇರಲಿ. ಮೂತಿ ನಿಮ್ಮತ್ತ ತಿರುಗಿತೋ, ಎಡ ಬಲ ಎಲ್ಲ ಅದಲುಬದಲು.”

“ಗೊತ್ತಮ್ಮ, ಕೊಡು ಇತ್ತ.”

ಹೆಲಿಕಾಪ್ಟರ್ ಎದೆಯೆತ್ತರಕ್ಕೆ ಏರಿ ತೂಗಾಡಿತು. ಅವರ ಹಣೆ ಬೆವರಿತು. ಚಪ್ಪಲಿಗಾಲುಗಳು ಒಂದಾದ ಮೇಲೊಂದು ನೆಲವನ್ನು ಒತ್ತತೊಡಗಿದವು.

“ಕಾಲಲ್ಲೇನು ಮಾಡ್ತಿದೀರಿ ಅಂಕಲ್? ಎಲ್ಲಾ ಬೆರಳಲ್ಲೇ!”

ಅಷ್ಟರಲ್ಲಿ ಮೂತಿ ಅವರತ್ತ ತಿರುಗಿಬಿಟ್ಟಿತು. ಬಲಕ್ಕೆ ತರಲೆಂದು ರಿಮೋಟಿನ ಕಡ್ಡಿಯನ್ನು ಬಲಕ್ಕೇ ತಳ್ಳಿದರು. ಅದು ಎಡಕ್ಕೆ ನುಗ್ಗಿ, ಗೋಲ್ ಕಂಬಕ್ಕೆ ಬಡಿದು ಬಿತ್ತು.

ಹುಡುಗಿ ಮುರಿದ ರೆಕ್ಕೆಯನ್ನು ಹೆಕ್ಕಿ ತಂದಳು. ನಗು ತಡೆಯಲಾಗಲಿಲ್ಲ ಅವಳಿಗೆ. “ಹೆಲಿಕಾಪ್ಟರ್ ಹಾರಿಸಿದ್ದು ಇದೇ ಮೊದಲಾ ಅಂಕಲ್?”

ಅವರು ರಿಮೋಟನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಹೊರಗೆ ನಿಂತು ಹಾರಿಸಿದ್ದು ಇದೇ ಮೊದಲಮ್ಮ.”