ತುಟಿಯ ನರ

ಬುದ್ಧಿಹಲ್ಲು ಕೀಳಿಸಲು ಕುಳಿತ ಓಲಗದ ಮುನಿವೆಂಕಟಪ್ಪ ಕೈ ಮುಗಿದ.

"ಡಾಕ್ಟರಮ್ಮಾ, ತುಟಿ ಹೋದ್ರೆ ನಮ್ಮನೆ ಒಲೇನೂ ಆರ್ಹೋಗುತ್ತೆ."

"ಹೆದರಬೇಡಿ. ಬೇರು ತುಟಿಯ ನರಕ್ಕೆ ಅಂಟಿದೆ. ಅದನ್ನ ಅಲ್ಲೇ ಬಿಟ್ಟು ಹಲ್ಲಿನ ತಲೆ ಮಾತ್ರ ತೆಗೀತೀನಿ. ಸಂಜೆವರೆಗೆ ತುಟಿ ಜೋಮು ಹಿಡಿದಿರುತ್ತೆ, ಅಷ್ಟೇ. ಆದ್ರೆ ಹತ್ತು ದಿನ ಊದೋ ಹಾಗಿಲ್ಲ."

ಹತ್ತು ದಿನ ಕಾಯುವ ಜೀವವೇ ಅದು? ಮನೆಗೆ ಬಂದವನೇ ನರ ಉಳಿದಿದೆಯೋ ಇಲ್ಲವೋ ನೋಡೋಣವೆಂದು ನಾಗಸ್ವರ ತುಟಿಗಿಟ್ಟು ಮೆಲ್ಲಗೆ ಊದಿದ. ಬಾಯಿಯ ಒಂದು ಬದಿಯಿಂದ ಗಾಳಿ ಸೋರಿ, ಮೋಹನ ರಾಗ ಎಮ್ಮೆಕರುವಿನಂತೆ ಅರಚಿತು. ಅವನ ಕಣ್ಣಲ್ಲಿ ನೀರಾಡಿತು.

ಇಪ್ಪತ್ತು ವರ್ಷ ಬೈದು ಬೈದು ಅವನಿಗೆ ಓಲಗ ಕಲಿಸಿದ್ದ ಮಾವ ಒಳಗಿನಿಂದ ಓಡಿಬಂದು ಅವನನ್ನು ತಬ್ಬಿಕೊಂಡರು.

"ಭೇಷ್ ಕಣಯ್ಯಾ! ಅಂತೂ ಇವತ್ತು ಸ್ವರ ಹಿಡಿದೆ!"