ಮೂಗಿನ ಹಾಡು

ಕಸ್ತೂರೆವ್ವ ಬೆಟಗೇರಿಯಲ್ಲಿ ಕೂಗಿದರೆ ಹುಬ್ಬಳ್ಳಿಯಲ್ಲಿ ರೈಲು ನಿಲ್ಲುತ್ತಿತ್ತು. ಅಂಥ ಗಂಟಲನ್ನೂ ಗಂಡನ ಮನೆಯ ಗೋಡೆಯಲ್ಲಿದ್ದ, ಎದುರು ತರಂಗ ಬಿಟ್ಟು ದನಿ ಅಳಿಸುವ ಪೆಟ್ಟಿಗೆ ನುಂಗಿ ನೀರು ಕುಡಿದಿತ್ತು. ಹೆಣ್ಣು ನೋಡುವ ದಿನ ಹುಡುಗಿಯನ್ನು ಹಾಡಿಸಿ, ದನಿ ಹಿಡಿದು ಇಂಥ ಪೆಟ್ಟಿಗೆಗೆ ಉಣಿಸಿದರೆ ಸಾಕು, ಮುಂದೆ ಆ ಮನೆಯೊಳಗೆ ಅವಳ ಮಾತು ಯಾರಿಗೂ ಕೇಳಿಸದು.

ಅದಕ್ಕೇ ಮಗಳು ನೀಲವ್ವನಿಗೆ ಪೆಟ್ಟಿಗೆಯ ಕೈಗೆಟುಕದ ಬೀದಿಯಲ್ಲಿ ನಿಂತು ಹೇಳಿಕೊಟ್ಟಿದ್ದಳು: "ಮೂಗಿನ್ಯಾಗ ಹಾಡವಾ. ಖರೇ ದನಿ ಕೊಡಬ್ಯಾಡ."

ಇಂದು ಬೀಗರಾಗುವವರು ಅದೇ ಮನೆಗೆ ಬಂದು ರೆಕಾರ್ಡರ್ ಹಿಡಿದಾಗ ನೀಲವ್ವ, ಸತ್ತ ಕತ್ತೆಯೂ ಎದ್ದು ಓಡುವಂತೆ ಮೂಗಿನಲ್ಲೇ ಹಾಡಿದಳು.

"ನಮ್ಮ ಎಮ್ಮಿ ಇದಕ್ಕಿಂತ ಚಲೋ ಹಾಡ್ತದ," ಎಂದು ಹುಡುಗ ನಕ್ಕ.

ನೀಲವ್ವನ ಮುಖ ಕೆಂಪೇರಿತು. "ಬ್ಯಾಡ!" ಎಂದು ಕಸ್ತೂರೆವ್ವ ಏಳು ಊರು ನಡುಗುವಂತೆ ಕಿರುಚಿದಳು. ಆದರೆ ಪೆಟ್ಟಿಗೆಯಿದ್ದ ಆ ಮನೆಯಲ್ಲಿ ಪಿಟ್ಟೆಂಬ ಸದ್ದಿಲ್ಲ. ಮಗಳು ಗಂಟಲು ಬಿಚ್ಚಿ ಹಾಡಿದಳು. ಮಾಡಿನ ಹಂಚುಗಳೆಲ್ಲ ಕುಣಿದವು.

"ಈಗ ಸಿಕ್ತು ನೋಡ್ರಿ," ಎಂದು ಹುಡುಗನ ಅಪ್ಪ ರೆಕಾರ್ಡರ್ ಆರಿಸಿ ಕಿಸೆಗೆ ಹಾಕಿಕೊಂಡ.