ನೀರು ಹತ್ತದ ನೆಲ

“ಎರಡೇ ಎರಡು ದಿನ, ಮುನಿತಾಯಮ್ಮ. ತೂಬು ಎತ್ತು,” ಎಂದರು ಗೋವಿಂದರಾಜು. ಏರಿ ಹತ್ತಿ ಬಂದ ಏದುಸಿರು ಇನ್ನೂ ಆರಿರಲಿಲ್ಲ. “ರೇಷ್ಮೆಹುಳ ನಾಲ್ಕನೇ ಜ್ವರ ಕಳೆದು ಪೊರೆ ಬಿಟ್ಟು ಎದ್ದವೆ, ಹಗಲೂ ರಾತ್ರಿ ಸೊಪ್ಪು ಕೇಳ್ತವೆ. ತೋಟದಲ್ಲಿ ಸೊಪ್ಪು ನೋಡಿದ್ರೆ ಬಾಡ್ತಾ ಐತೆ.”

ಮುನಿತಾಯಮ್ಮ ಗೋವಿಂದರಾಜು ಅವರ ಮುಖ ನೋಡಲಿಲ್ಲ. ನೀರಿನಂಚಿನ ಅಳತೆಗಲ್ಲನ್ನು ನೋಡಿದಳು. ಆವತಿಯಿಂದಾಚೆ, ಎರಡು ಗುಟ್ಟೆಗಳ ನಡುವಿನ ತೊರೆಗೆ ಅಡ್ಡಲಾಗಿ ಕಟ್ಟಿದ ಈ ಪುಟ್ಟ ಜಲಾಶಯದ ತೂಬಿನ ಬೀಗದ ಕೈ ಹನ್ನೆರಡು ವರ್ಷಗಳಿಂದ ಅವಳ ಸೊಂಟದಲ್ಲಿತ್ತು. ಗೋವಿಂದರಾಜು ನೀರು ಬಳಕೆದಾರರ ಸಂಘದ ಅಧ್ಯಕ್ಷರು. ಅವರ ಹಿಪ್ಪುನೇರಳೆ ತೋಟ ಕಾಲುವೆಯ ಮೊದಲ ತಿರುವಿನಲ್ಲೇ ಇತ್ತು.

“ಒಂಬತ್ತಡಿ ಐತಣ್ಣ,” ಎಂದಳು ಅವಳು. “ಭರಣಿ ಮಳೆ ಬರೋಗಂಟ ಮೂರು ಸರ್ತಿ ಬಿಡಬೇಕು. ಸರ್ತಿಗೆ ಒಂದೂವರೆ ಅಡಿ. ಬಿಸಿಲು ಕುಡಿಯೋದು ಇನ್ನೊಂದೂವರೆ. ಮಿಕ್ಕಿದ ಮೂರಡಿ ದನಗಳದ್ದು. ಇದ್ರೊಳಗೆ ನಿಮ್ಮ ಎರಡು ದಿನ ಎಲ್ಲೈತೆ, ನೀವೇ ತೋರ್ಸಿ.”

“ದನದ್ದರಲ್ಲಿ ಅರ್ಧ ಅಡಿ ತೆಗಿ.”

“ಹೂ ಕಣಪ್ಪಾ, ದನ ಬಂದು ಸಂಘದಲ್ಲಿ ಕೈ ಎತ್ತಲ್ಲವಲ್ಲ,” ಎಂದು ಏರಿಯ ಕಲ್ಲಿನ ಮೇಲೆ ಕುಳಿತಿದ್ದ ದೊಡ್ಡಬೀರಪ್ಪ ನಕ್ಕರು. ಕಾಲುವೆಯ ಕಟ್ಟಕಡೆಯ ಹೊಲ ಅವರದು. ದಿನಕ್ಕೊಮ್ಮೆ ಇಲ್ಲಿಗೆ ಬಂದು ನೀರನ್ನು ಕಣ್ಣಾರೆ ಕಂಡು ಹೋಗದಿದ್ದರೆ ಆ ಮುದುಕರಿಗೆ ಊಟ ಸೇರುತ್ತಿರಲಿಲ್ಲ.

“ಸೋಮವಾರ ತಾತನ ಹೊಲದಿಂದ ಶುರು. ಬುಧವಾರ ನಿಮ್ಮ ಪಾಳಿ. ಅಲ್ಲೀಗಂಟ ವಿಜಯಪುರದ ಕಡೆಯಿಂದ ಸೊಪ್ಪು ತರಿಸ್ಕೊಳ್ಳಿ,” ಎಂದಳು ಮುನಿತಾಯಮ್ಮ.

ಅಧ್ಯಕ್ಷರ ಮುಖ ಕೆಂಪಾಯಿತು. “ಬೆಳೆ ಒಣಗೋ ಸಂಕಟ ನಿನಗೇನು ಗೊತ್ತು? ಒಂದಂಗೈ ನೆಲ ಇದ್ದಿದ್ರೆ ತಾನೇ!”

ಅವಳು ತೂಬಿನ ಗೋಪುರದ ಕಡೆ ತಿರುಗಿದಳು. ಅದರ ಗೋಡೆಗೊರಗಿಸಿ ಬಣ್ಣದ ನಾಲ್ಕು ಡಬ್ಬಗಳನ್ನು ಸಾಲಾಗಿ ಇಟ್ಟಿದ್ದಳು. ಗೇಟಿಗೆ ಬಳಿದು ಉಳಿದ ಖಾಲಿ ಡಬ್ಬಗಳು. ಅವುಗಳಲ್ಲಿ ಗೋಡುಮಣ್ಣು ತುಂಬಿ ಅವರೆ ಹಾಕಿದ್ದಳು. ಒಂದು ಬಳ್ಳಿ ಹೂ ಬಿಟ್ಟಿತ್ತು. ಹತ್ತನೇ ವಯಸ್ಸಿನಿಂದ ಊರಿನವರ ಹೊಲಗಳಲ್ಲೆಲ್ಲ ಕಳೆ ಕಿತ್ತ ಕೈಗಳಿಗೆ ಸ್ವಂತವೆಂದು ಹೇಳಿಕೊಳ್ಳಲು ಇದ್ದ ಬೇಸಾಯ ಅಷ್ಟೇ.

“ನೆಲ ಇಲ್ಲ ಅಂತಾನೇ ಅಲ್ವೇನಪ್ಪಾ ಕೀ ಅವಳ ಕೈಲಿರೋದು?” ಎಂದರು ದೊಡ್ಡಬೀರಪ್ಪ ಮೆಲ್ಲಗೆ. ಕಾಲುವೆಯ ನೀರಿನಲ್ಲಿ ಬೇಸಾಯ ಮಾಡುವವರು ತೂಬು ಮುಟ್ಟಬಾರದೆಂಬುದು ಸಂಘಕ್ಕಿಂತಲೂ ಹಳೆಯ ಕಟ್ಟಳೆ. ಸಂಘ ಅದನ್ನೇ ತನ್ನ ಮೊದಲ ನಿಯಮವಾಗಿ ಬರೆದುಕೊಂಡಿತ್ತು.

ಗೋವಿಂದರಾಜು ನೀರಿನತ್ತ ತಿರುಗಿದರು. ಬೆಳಗಿನ ಗಾಳಿಗೆ ಅದು ಮಡಿಕೆ ಬಿಚ್ಚಿದ ಸೀರೆಯಂತೆ ನಿರಿನಿರಿಯಾಗಿತ್ತು. ಈಗ ಅವರ ದನಿ ಬೇರೆಯೇ ಆಗಿತ್ತು.

“ಬೇಜಾರಾಗಬೇಡ ಕಣಮ್ಮ. ಹನ್ನೆರಡು ವರ್ಷ ನೀನು ದುಡಿದಿದ್ದಕ್ಕೆ ನಾವೇನು ಕೊಟ್ಟಿದ್ದೀವಿ? ತಾತನ ಮುಂದೇನೇ ಹೇಳ್ತೀನಿ. ನನ್ನ ತೋಟದ ಪಕ್ಕದ ಹತ್ತು ಗುಂಟೆ ನೀನೇ ಮಾಡ್ಕೋ. ಗುತ್ತಿಗೆ ಬೇಡ, ಬೆಳೇಲಿ ವಾರ ಬೇಡ. ನೀನಿರೋಗಂಟ ಮಾಡ್ಕೋ, ಕಾಗದ ಬರೆದುಕೊಡ್ತೀನಿ.”

ಮುನಿತಾಯಮ್ಮನ ಕೈ ತಾನಾಗಿ ಸೊಂಟದ ಬೀಗದ ಕೈಯನ್ನು ಮುಟ್ಟಿತು. “ಆಮೇಲೆ ತೂಬು?”

“ಅದೇನು ದೊಡ್ಡ ವಿಚಾರ? ನಮ್ಮ ತೋಟ ನೋಡ್ಕೊಳ್ಳೋ ಮಂಜೇಶ ಇದಾನಲ್ಲ. ಅವನಿಗೂ ನೆಲ ಇಲ್ಲ, ನಿಯಮಕ್ಕೆ ಸರಿಹೋಗ್ತದೆ.”

ದೊಡ್ಡಬೀರಪ್ಪ ಊರುಗೋಲಿನ ತುದಿಯಿಂದ ಮಣ್ಣನ್ನು ಕೆದಕುತ್ತಾ ಉಳಿದರು. ತೂಬು ಮಂಜೇಶನ ಕೈಗೆ ಹೋದರೆ ಮೊದಲ ತಿರುವು ದಾಟಿ ಎಷ್ಟು ನೀರು ಬಂದೀತೆಂಬುದು ಅವರಿಗೆ ಗೊತ್ತಿತ್ತು. ಆದರೆ ಒಬ್ಬಳಿಗೆ ಒದಗಿ ಬಂದ ನೆಲವನ್ನು ಬೇಡವೆನ್ನು ಎಂದು ಹೇಳುವ ಬಾಯಿ ಅವರಿಗಿರಲಿಲ್ಲ.

ಮುನಿತಾಯಮ್ಮ ಆ ಹತ್ತು ಗುಂಟೆಯತ್ತ ನೋಡಿದಳು. ಏರಿಯ ಮೇಲಿಂದ ಅದು ಚೆನ್ನಾಗಿಯೇ ಕಾಣುತ್ತಿತ್ತು: ಕಾಲುವೆಗೆ ಮೈತಾಗಿಸಿಕೊಂಡ ಕಪ್ಪು ಮಣ್ಣು, ಬದುವಿನ ಮೇಲೊಂದು ಹೊಂಗೆ. ನೋಡುತ್ತ ನೋಡುತ್ತ ಅವಳ ಕಣ್ಣು ಒದ್ದೆಯಾಯಿತು. ಸೆರಗಿನಿಂದ ಒರೆಸಿಕೊಂಡು ಅವಳು ಅದಕ್ಕೆ ಬೆನ್ನು ತಿರುಗಿಸಿ, ಜಲಾಶಯದ ಆಚೆಗಿನ ಗುಟ್ಟೆಯ ಇಳಿಜಾರಿನತ್ತ ಬೆರಳು ಚಾಚಿದಳು.

“ಅಣ್ಣ, ಆ ಹುರುಳಿ ಹೊಲವೂ ನಿಮ್ಮದೇ ಅಲ್ವಾ?”

“ಯಾವುದು, ಆ ಕಲ್ಲುಭೂಮಿಯಾ? ಬಿತ್ತಿ ಎಂಟು ವರ್ಷ ಆಯ್ತು. ಯಾಕೆ?”

“ಕೊಡೋದಾದ್ರೆ ಅದು ಕೊಡಿ.”

ಗೋವಿಂದರಾಜು ನಕ್ಕುಬಿಟ್ಟರು. “ತಲೆ ಕೆಟ್ಟೈತಾ ನಿನಗೆ? ತಲೆಕೆಳಗಾಗಿ ನಿಂತ್ರೂ ಅಲ್ಲಿಗೆ ಈ ನೀರು ಹತ್ತಲ್ಲ!”

“ಗೊತ್ತಣ್ಣ. ಅದಕ್ಕೇ ಕೇಳಿದ್ದು.”

ನಗು ಅವರ ತುಟಿಯ ಮೇಲೆಯೇ ಒಣಗಿತು. ಅವರು ದೊಡ್ಡಬೀರಪ್ಪನವರ ಕಡೆ ತಿರುಗಿದರು. ಮುದುಕರು ಊರುಗೋಲನ್ನು ನೆಟ್ಟಗೆ ಮಾಡಿ ಎದ್ದು ನಿಂತಿದ್ದರು.

“ಮಾತು ನನ್ನ ಮುಂದೇನೇ ಆಡಿದ್ದೀಯಪ್ಪಾ ಗೋವಿಂದ. ನೆಲ ಯಾವುದು ಅಂತ ಅವಳು ಆರಿಸ್ಕೊಂಡಳು, ಅಷ್ಟೇ. ಕಾಲುವೆ ನೀರು ಮುಟ್ಟದ ನೆಲ, ಕಟ್ಟಳೆಗೂ ಅಡ್ಡಿಯಿಲ್ಲ. ಕಾಗದಕ್ಕೆ ಸಾಕ್ಷಿ ನಾನೇ ಹಾಕ್ತೀನಿ.”

ಮುನಿತಾಯಮ್ಮ ಉತ್ತರಕ್ಕಾಗಿ ಕಾಯಲಿಲ್ಲ. ತೂಬಿನ ಬೀಗವನ್ನು ಒಮ್ಮೆ ಎಳೆದು ನೋಡಿದಳು. ಬಳಿಕ ಹೂ ಬಿಟ್ಟ ಅವರೆಯ ಡಬ್ಬವನ್ನು ಸೊಂಟಕ್ಕೇರಿಸಿಕೊಂಡು, ಏರಿ ದಾಟಿ, ಆಚೆಗಿನ ಗುಟ್ಟೆ ಹತ್ತತೊಡಗಿದಳು. ಹೆಜ್ಜೆ ಹೆಜ್ಜೆಗೂ ಬೀಗದ ಕೈ ಡಬ್ಬಕ್ಕೆ ತಾಗಿ ಸದ್ದು ಮಾಡುತ್ತಿತ್ತು. ಕೆಳಗೆ, ಅಳತೆಗಲ್ಲಿನ ಒಂಬತ್ತರ ಗೆರೆಯ ಮೇಲೆ, ನೀರು ಕದಲದೆ ನಿಂತಿತ್ತು.